ಕಾಂಡ್ರೂಲ್ ಹುಟ್ಟಿದ್ದು ಯಾವಾಗ? ಅಲ್ಯೂಮಿನಿಯಂ-26 ಬಳಸಿ ಉಲ್ಕಾಶಿಲೆಯ ಕಣಗಳ ಕಾಲ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

ಅಲ್ಯೂಮಿನಿಯಂ-26 ಲೆಕ್ಕದ ಕೊನೆಯ ಹಂತ ಒಂದೇ ಸಾಲಿನ ಸೂತ್ರ. ಅದಕ್ಕೇ ಬಹಳ ಜನ ಆ ಸಾಲಿನಿಂದಲೇ ಶುರು ಮಾಡುತ್ತಾರೆ. ಉತ್ತರ ಬರುತ್ತದೆ, ಆದರೆ ಅದು ಕಣ ಹುಟ್ಟಿದ ಕಾಲ ಆಗಿರುವುದಿಲ್ಲ. ತಪ್ಪು ಸೂತ್ರದಲ್ಲಿ ನಡೆಯುವುದು ಕಡಿಮೆ. ಅದಕ್ಕೂ ಬಹಳ ಮುಂಚೆಯೇ ನಡೆದಿರುತ್ತದೆ. ಒಳಗೊಳಗೇ ಬದಲಾಗಿ ಹೋದ ಕಲ್ಲನ್ನು ಆರಿಸಿದಾಗ, ಬಿರುಕಿನ ಮೇಲೆ ಕಿರಣ ಬಿಟ್ಟಾಗ, ಹೊಂದದ ಸ್ಟ್ಯಾಂಡರ್ಡ್ ಇಟ್ಟುಕೊಂಡು ಅಳೆದಾಗ.

ಇಲ್ಲಿ ಒಂದು ಕಾಂಡ್ರೂಲ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಕಾಂಡ್ರೂಲ್ ಅಂದರೆ ಸೌರಮಂಡಲದ ಮೊದಲ ದಿನಗಳಲ್ಲಿ ಕರಗಿ, ಬೇಗ ಗಟ್ಟಿಯಾದ ಚಿಕ್ಕ ಗುಂಡು. ಹೆಚ್ಚಿನವು ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಹಂತಗಳ ಕ್ರಮ ಮಾತ್ರ ಬದಲಿಸಬೇಡಿ.

ಮೊದಲು ಇದು ಗೊತ್ತಿರಲಿ

ಅಲ್ಯೂಮಿನಿಯಂ-26 ಅಂದರೆ ತಾನಾಗಿಯೇ ಕ್ಷಯಿಸುವ ಅಲ್ಯೂಮಿನಿಯಂ ಐಸೋಟೋಪ್. ಅದರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 7 ಲಕ್ಷ 17 ಸಾವಿರ ವರ್ಷ. ಸೌರಮಂಡಲದ ವಯಸ್ಸು 456 ಕೋಟಿ ವರ್ಷ ದಾಟಿದೆ. ಹಾಗಾಗಿ ಅಂದು ಇದ್ದ ಅಲ್ಯೂಮಿನಿಯಂ-26ರಲ್ಲಿ ಇವತ್ತು ಏನೂ ಉಳಿದಿಲ್ಲ. ಎಲ್ಲವೂ ಮೆಗ್ನೀಸಿಯಂ-26 ಆಗಿದೆ. ನಾವು ಹುಡುಕುವುದು ಆ ಹೆಚ್ಚುವರಿ ಮೆಗ್ನೀಸಿಯಂ-26 ಅನ್ನು.

ಒಂದೇ ಕಣದೊಳಗೆ ಹಲವು ಖನಿಜಗಳಿರುತ್ತವೆ. ಅಲ್ಯೂಮಿನಿಯಂ ಜಾಸ್ತಿ, ಮೆಗ್ನೀಸಿಯಂ ಕಡಿಮೆ ಇರುವ ಖನಿಜದಲ್ಲಿ ಈ ಹೆಚ್ಚುವರಿ ಎದ್ದು ಕಾಣುತ್ತದೆ. ಅಡ್ಡ ಅಕ್ಷದಲ್ಲಿ ಅಲ್ಯೂಮಿನಿಯಂ-27 / ಮೆಗ್ನೀಸಿಯಂ-24, ಲಂಬ ಅಕ್ಷದಲ್ಲಿ ಮೆಗ್ನೀಸಿಯಂ-26 / ಮೆಗ್ನೀಸಿಯಂ-24 ಇಟ್ಟು ಬಿಂದುಗಳನ್ನು ಗುರುತಿಸಿದರೆ ಒಂದು ನೇರ ಗೆರೆ ಬರಬೇಕು. ಇದೇ ಐಸೋಕ್ರಾನ್. ಆ ಗೆರೆಯ ಇಳಿಜಾರು ಎಷ್ಟೋ ಅಷ್ಟೇ, ಕಣ ಗಟ್ಟಿಯಾದಾಗ ಅದರಲ್ಲಿದ್ದ ಅಲ್ಯೂಮಿನಿಯಂ-26 / ಅಲ್ಯೂಮಿನಿಯಂ-27 ಅನುಪಾತ.

ಹೋಲಿಸಲು ಒಂದು ಶೂನ್ಯ ಬೇಕು, ಅಲ್ವಾ? ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಬಿಳಿ ತುಣುಕುಗಳೇ ಆ ಶೂನ್ಯ. ಇವನ್ನು ಸಿಎಐ ಅನ್ನುತ್ತಾರೆ. ಸೌರಮಂಡಲದಲ್ಲಿ ನಮಗೆ ಗೊತ್ತಿರುವ ಅತಿ ಹಳೆಯ ಘನವಸ್ತು ಇವೇ. 1969ರ ಫೆಬ್ರವರಿಯಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕಾಶಿಲೆಯ ಸಿಎಐಗಳಿಂದ ಸಿಕ್ಕಿದ ಬೆಲೆ ಸುಮಾರು 5.23 × 10⁻⁵. ಈ ವಿಧಾನ ಹೇಳುವುದು ಇಷ್ಟೇ: ಸಿಎಐ ಆದ ಎಷ್ಟು ವರ್ಷದ ಮೇಲೆ ಈ ಕಣ ಗಟ್ಟಿಯಾಯಿತು.

ಏನೇನು ಬೇಕು

ಎಪಾಕ್ಸಿಯಲ್ಲಿ ಕೂರಿಸಿ ಪಾಲಿಶ್ ಮಾಡಿದ ಉಲ್ಕಾಶಿಲೆಯ ತುಂಡು. ರಾಸಾಯನಿಕ ಸಂಯೋಜನೆ ಅಳೆಯಬಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅಥವಾ ಎಲೆಕ್ಟ್ರಾನ್ ಪ್ರೋಬ್. ಆಕ್ಸಿಜನ್ ಅಯಾನುಗಳ (ವಿದ್ಯುದಂಶ ಇರುವ ಪರಮಾಣುಗಳ) ಕಿರಣ ಬಿಟ್ಟು, ಕಲ್ಲಿನಿಂದ ಹೊರಬಂದ ಅಯಾನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಅಯಾನ್ ಪ್ರೋಬ್, ಅಂದರೆ ಸಿಮ್ಸ್ ಯಂತ್ರ. ಸಂಯೋಜನೆ ಖಚಿತವಾಗಿ ಗೊತ್ತಿರುವ ಸ್ಟ್ಯಾಂಡರ್ಡ್ ಖನಿಜಗಳು ಮತ್ತು ಗಾಜುಗಳು. ಎರಡೂ ಅಕ್ಷದ ದೋಷ ಲೆಕ್ಕಕ್ಕೆ ಹಿಡಿದು ಗೆರೆ ಎಳೆಯುವ ಸಾಫ್ಟ್‌ವೇರ್. ಐಸೋಪ್ಲಾಟ್-ಆರ್ ಉಚಿತವಾಗಿ ಸಿಗುತ್ತದೆ.

ಭಾರತದಲ್ಲೂ ಈ ಕೆಲಸ ದಶಕಗಳಿಂದ ನಡೆಯುತ್ತಿದೆ. ಇನ್ನೂ ಕಡಿಮೆ ಕಾಲ ಬಾಳುವ ಕ್ಯಾಲ್ಸಿಯಂ-41 ಒಮ್ಮೆ ಇತ್ತು ಎಂಬ ಗುರುತನ್ನು ಎಫ್ರೆಮೋವ್ಕಾ ಉಲ್ಕಾಶಿಲೆಯ ಸಿಎಐಗಳಲ್ಲಿ 1994ರಲ್ಲಿ ತೋರಿಸಿದ್ದು ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ ತಂಡ.

ಹಂತ 1: ಸರಿಯಾದ ಐಸೋಟೋಪ್ ಆರಿಸಿ

ಸಿಎಐ ಮತ್ತು ಕಾಂಡ್ರೂಲ್‌ಗೆ ಅಲ್ಯೂಮಿನಿಯಂ-26 ಸರಿ. ಆದರೆ ಸುಮಾರು 40 ಲಕ್ಷ ವರ್ಷ ದಾಟಿದ ಮೇಲೆ ಅದು ಮೊದಲಿದ್ದದ್ದರ ಐವತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆಗ ಹೆಚ್ಚುವರಿ ಕಾಣುವುದೇ ಕಷ್ಟ. ಅದಕ್ಕಿಂತ ತಡವಾದ ಘಟನೆಗೆ ಮ್ಯಾಂಗನೀಸ್-53 ಬೇಕು, ಅದರ ಅರ್ಧಾಯು ಸುಮಾರು 37 ಲಕ್ಷ ವರ್ಷ. ಲೋಹ ಮತ್ತು ಕಲ್ಲು ಬೇರೆಯಾದ ಕಾಲಕ್ಕೆ ಹಾಫ್ನಿಯಂ-182, ಅರ್ಧಾಯು ಸುಮಾರು 89 ಲಕ್ಷ ವರ್ಷ. ಅಯೋಡಿನ್-129ರ ಅರ್ಧಾಯು ಇನ್ನೂ ಉದ್ದ, ಸುಮಾರು 1.6 ಕೋಟಿ ವರ್ಷ. ಪ್ರಶ್ನೆ ಮೊದಲು, ಐಸೋಟೋಪ್ ಆಮೇಲೆ.

ಹಂತ 2: ಕಲ್ಲನ್ನು ಆರಿಸಿ

ಅರ್ಧದಷ್ಟು ಸೋಲು ಇಲ್ಲೇ ಆಗಿಬಿಡುತ್ತದೆ. ಉಲ್ಕಾಶಿಲೆ ಒಂದು ಕ್ಷುದ್ರಗ್ರಹದ ಒಳಗೆ ಇತ್ತು. ಆ ಕ್ಷುದ್ರಗ್ರಹ ಬಿಸಿಯಾಗಿತ್ತು. ಬಿಸಿಯಾದಾಗ ಮೆಗ್ನೀಸಿಯಂ ಒಂದು ಖನಿಜದಿಂದ ಇನ್ನೊಂದಕ್ಕೆ ಹರಿದು ಹೋಗುತ್ತದೆ. ಅನಾರ್ಥೈಟ್‌ನಂಥ ಪ್ಲೇಜಿಯೋಕ್ಲೇಸ್ ಖನಿಜದಲ್ಲಿ ಇದು ಬೇಗ ನಡೆಯುತ್ತದೆ. ತೊಂದರೆ ಏನೆಂದರೆ, ನಮಗೆ ಬೇಕಾದ ಖನಿಜವೂ ಅದೇ.

ಕಾಂಡ್ರೂಲ್ ಇರುವ ಉಲ್ಕಾಶಿಲೆಗಳಿಗೆ ಕಾಂಡ್ರೈಟ್ ಅನ್ನುತ್ತಾರೆ. ಅವಕ್ಕೆ ಒಂದು ದರ್ಜೆ ಇರುತ್ತದೆ. 3.00 ಅಂದರೆ ಬಿಸಿಯಿಂದ ಬಹುತೇಕ ಬದಲಾಗದ ಕಲ್ಲು. 4, 5, 6 ಅಂತ ಮೇಲೆ ಹೋದಂತೆ ಬಿಸಿ ತಿಂದಿದ್ದು ಜಾಸ್ತಿ. ಕಾಂಡ್ರೂಲ್ ಹುಟ್ಟಿದ ಕಾಲ ಬೇಕಿದ್ದರೆ 3.0ರ ಹತ್ತಿರ ಇರುವುದನ್ನೇ ಹುಡುಕಿ. 1940ರಲ್ಲಿ ಮಧ್ಯಪ್ರದೇಶದಲ್ಲಿ ಬಿದ್ದ ಸೆಮರ್ಕೋನಾ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಲ್ಲು, ಅದರ ದರ್ಜೆ 3.00. ನಮ್ಮ ಉದಾಹರಣೆಗೂ ಅಂಥದ್ದೇ ಕಲ್ಲಿನ ಕಾಂಡ್ರೂಲ್ ಅಂದುಕೊಳ್ಳಿ. ಅಯೆಂದೆ ಹೆಸರುವಾಸಿ ನಿಜ, ಆದರೆ ಅದು ಬಿಸಿ ಮತ್ತು ದ್ರವ ಎರಡನ್ನೂ ಕಂಡಿದೆ. ಅದರ ಪ್ಲೇಜಿಯೋಕ್ಲೇಸ್ ಅನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

ಬೀಳುವುದನ್ನು ಯಾರೋ ನೋಡಿ, ಬೇಗ ಎತ್ತಿಟ್ಟ ಕಲ್ಲಿದ್ದರೆ ಒಳ್ಳೆಯದು. ಮರುಭೂಮಿಯಲ್ಲಿ ಬಹಳ ಕಾಲ ಬಿದ್ದಿದ್ದ ಕಲ್ಲಿನ ಬಿರುಕುಗಳಲ್ಲಿ ನಮ್ಮ ಭೂಮಿಯದ್ದೇ ಮಣ್ಣು, ತುಕ್ಕು ಸೇರಿಕೊಂಡಿರುತ್ತದೆ.

ಎಚ್ಚರಿಕೆಯ ಗುರುತು: ಕಾಂಡ್ರೂಲ್‌ನ ಅಂಚು ಮಸುಕಾಗಿದೆಯೇ? ಒಳಗಿನ ಗಾಜು ಹರಳಾಗಿದೆಯೇ? ಒಲಿವೀನ್ ಹರಳುಗಳಲ್ಲಿ ಕಬ್ಬಿಣದ ಪ್ರಮಾಣ ಎಲ್ಲೆಡೆ ಒಂದೇ ಇದೆಯೇ? ಹೌದು ಅಂದರೆ ಆ ಕಲ್ಲು ಬಿಸಿ ತಿಂದಿದೆ. ಅದರಿಂದ ಸಿಗುವುದು ಬಿಸಿಯಾದ ಕಾಲ, ಹುಟ್ಟಿದ ಕಾಲ ಅಲ್ಲ.

ಹಂತ 3: ಪಾಲಿಶ್ ಮತ್ತು ಚಿತ್ರ

ಕೊನೆಯ ಪಾಲಿಶ್‌ಗೆ ವಜ್ರದ ಪುಡಿ ಬಳಸಿ. ಅಲ್ಯೂಮಿನಾ ಪುಡಿ ಬೇಡ. ಅದು ಬಿರುಕಿನಲ್ಲಿ ಕೂತರೆ ನೀವು ಅಳೆಯುತ್ತಿರುವ ಅಲ್ಯೂಮಿನಿಯಂ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಮೇಲ್ಮೈ ಸಮತಟ್ಟಾಗಿರಬೇಕು. ಏರುತಗ್ಗು ಇದ್ದರೆ ಅಯಾನುಗಳು ಯಂತ್ರದೊಳಗೆ ಬೇರೆ ದಾರಿ ಹಿಡಿಯುತ್ತವೆ, ಐಸೋಟೋಪ್ ಅನುಪಾತ ಅಲುಗಾಡುತ್ತದೆ.

ಆಮೇಲೆ ಇಡೀ ತುಂಡಿನ ಎಲೆಕ್ಟ್ರಾನ್ ಚಿತ್ರ, ಅದರ ಜತೆ ಮೆಗ್ನೀಸಿಯಂ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಮತ್ತು ಸೋಡಿಯಂ ನಕ್ಷೆ ತೆಗೆಯಿರಿ. ಸೋಡಿಯಂ ನಕ್ಷೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಅನಾರ್ಥೈಟ್ ಅಂಚಿನಲ್ಲಿ ಸೋಡಿಯಂ ಏರಿದ್ದರೆ ಅಲ್ಲಿ ಹೊರಗಿನ ದ್ರವ ಕೆಲಸ ಮಾಡಿರುವ ಸಾಧ್ಯತೆ ದೊಡ್ಡದು. ಅಂಥ ಜಾಗ ಬಿಟ್ಟುಬಿಡಿ.

ಹಂತ 4: ಅಳೆಯುವ ಜಾಗ ಗುರುತಿಸಿ

ಯಂತ್ರದ ಸಮಯ ದುಬಾರಿ. ಯಂತ್ರದ ಮುಂದೆ ಕೂತು ಜಾಗ ಹುಡುಕುವುದಲ್ಲ. ಚಿತ್ರದ ಮೇಲೆ ಮೊದಲೇ ಗುರುತು ಹಾಕಿಕೊಂಡು ಹೋಗಬೇಕು.

ಐಸೋಕ್ರಾನ್‌ಗೆ ಎರಡೂ ತುದಿ ಬೇಕು. ಒಲಿವೀನ್‌ನಲ್ಲಿ ಅಲ್ಯೂಮಿನಿಯಂ ಇಲ್ಲವೆನ್ನುವಷ್ಟು ಕಡಿಮೆ, ಅದು ಗೆರೆಯ ಬುಡ. ಪೈರಾಕ್ಸೀನ್ ಸ್ವಲ್ಪ ಮೇಲೆ. ಗಾಜು ಅದರ ಮುಂದೆ. ಅನಾರ್ಥೈಟ್ ಗೆರೆಯ ತುದಿ. ಎಲ್ಲವೂ ಒಂದೇ ಕಾಂಡ್ರೂಲ್‌ನ ಒಳಗಿರಬೇಕು, ಒಂದೇ ಕರಗುವಿಕೆಯಲ್ಲಿ ಹುಟ್ಟಿರಬೇಕು. ಕಾಂಡ್ರೂಲ್ ಒಳಗೆ ಕೆಲವೊಮ್ಮೆ ಕರಗದೆ ಉಳಿದ ಹಳೆಯ ಹರಳು ಇರುತ್ತದೆ. ಅದು ಬೇರೆ ಪೀಳಿಗೆಯದು, ಅದನ್ನು ಗೆರೆಗೆ ಸೇರಿಸಬಾರದು.

ಎಷ್ಟು ದೂರದ ತುದಿ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಮಾಡಿ ನೋಡಿ. ಅನಾರ್ಥೈಟ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಶೇ. 35, ಮೆಗ್ನೀಸಿಯಂ ಆಕ್ಸೈಡ್ ಶೇ. 0.7 ಇದ್ದರೆ ಅಲ್ಯೂಮಿನಿಯಂ-27 / ಮೆಗ್ನೀಸಿಯಂ-24 ಸುಮಾರು 50. ಕಾಂಡ್ರೂಲ್‌ನ ಇಳಿಜಾರು 7 × 10⁻⁶ ಅಂದುಕೊಳ್ಳಿ. 50ರಿಂದ ಗುಣಿಸಿದರೆ 3.5 × 10⁻⁴. ಮೆಗ್ನೀಸಿಯಂ-26 / ಮೆಗ್ನೀಸಿಯಂ-24ರ ಮಾಮೂಲಿ ಅನುಪಾತ 0.1393. ಭಾಗಿಸಿದರೆ ಹೆಚ್ಚುವರಿ ಬರುವುದು ಸಾವಿರಕ್ಕೆ 2.5 ಮಾತ್ರ. ಸಿಎಐನಲ್ಲಿ ಇದೇ ಅನುಪಾತಕ್ಕೆ ಸಾವಿರಕ್ಕೆ ಸುಮಾರು 19 ಬರುತ್ತದೆ. ಕಾಂಡ್ರೂಲ್ ಯಾಕೆ ಕಷ್ಟ ಅಂತ ಈಗ ಗೊತ್ತಾಯಿತಲ್ಲ?

ಎಣಿಕೆಯೂ ಮುಖ್ಯ. ಮೆಗ್ನೀಸಿಯಂ-26ರ 10 ಲಕ್ಷ ಅಯಾನು ಎಣಿಸಿದರೆ ಆ ಎಣಿಕೆಯಿಂದಲೇ ಬರುವ ದೋಷ ಸಾವಿರಕ್ಕೆ 1. ಸಾವಿರಕ್ಕೆ 0.5ಕ್ಕೆ ಇಳಿಸಬೇಕಾದರೆ 40 ಲಕ್ಷ ಎಣಿಸಬೇಕು. ಎಷ್ಟು ಹೊತ್ತು ಅಳೆಯಬೇಕು ಅನ್ನುವುದು ಈ ಲೆಕ್ಕದಿಂದಲೇ ತೀರ್ಮಾನವಾಗಬೇಕು.

ಸಾಮಾನ್ಯ ತಪ್ಪು: ಅನಾರ್ಥೈಟ್ ಪಟ್ಟಿ 8 ಮೈಕ್ರಾನ್ ಅಗಲ ಇರುವಾಗ 10 ಮೈಕ್ರಾನ್ ಕಿರಣ ಬಿಡುವುದು. ಪಕ್ಕದ ಪೈರಾಕ್ಸೀನ್‌ನ ಮೆಗ್ನೀಸಿಯಂ ಒಳಗೆ ಬಂದುಬಿಡುತ್ತದೆ. ಅಳತೆ ಮುಗಿದ ಮೇಲೆ ಕಿರಣ ಕೊರೆದ ಪ್ರತಿ ಗುಂಡಿಯನ್ನೂ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿ. ಬಿರುಕು ಅಥವಾ ಪಕ್ಕದ ಖನಿಜ ತಾಗಿದ್ದರೆ ಆ ಬಿಂದು ತೆಗೆದುಹಾಕಿ. ಈ ತೀರ್ಮಾನ ಚಿತ್ರ ನೋಡಿ ಆಗಬೇಕು. ಬಿಂದು ಗೆರೆಯ ಮೇಲೆ ಕೂರಲಿಲ್ಲ ಅಂತ ತೆಗೆದರೆ ಅದು ವಿಜ್ಞಾನ ಅಲ್ಲ.

ಹಂತ 5: ಅಯಾನ್ ಪ್ರೋಬ್‌ನಲ್ಲಿ ಅಳತೆ

ಮೊದಲ ಕಂಟಕ, ಹತ್ತಿರ ಹತ್ತಿರದ ತೂಕ. ಮೆಗ್ನೀಸಿಯಂ-24ಕ್ಕೆ ಒಂದು ಹೈಡ್ರೋಜನ್ ಅಂಟಿದರೆ ಅದು ಮೆಗ್ನೀಸಿಯಂ-25ರ ಪಕ್ಕದಲ್ಲೇ ಬಂದು ಕೂರುತ್ತದೆ. ಎರಡು ವಿದ್ಯುದಂಶ ಇರುವ ಅಯಾನು ಯಂತ್ರಕ್ಕೆ ಅರ್ಧ ತೂಕದ್ದಾಗಿ ಕಾಣುತ್ತದೆ, ಹಾಗಾಗಿ ಅಂಥ ಕ್ಯಾಲ್ಸಿಯಂ-48, ಟೈಟಾನಿಯಂ-48 ಎರಡೂ ಮೆಗ್ನೀಸಿಯಂ-24ರ ಹತ್ತಿರ ಬರುತ್ತವೆ. ಯಂತ್ರದ ತೂಕ ಬಿಡಿಸುವ ಶಕ್ತಿಯನ್ನು 3,600ರ ಸುತ್ತಮುತ್ತ ಅಥವಾ ಅದಕ್ಕಿಂತ ಮೇಲೆ ಇಟ್ಟರೆ ಇವು ಬೇರೆಯಾಗುತ್ತವೆ. ಅನಾರ್ಥೈಟ್‌ನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಮೆಗ್ನೀಸಿಯಂ ಕಡಿಮೆ. ಆದ್ದರಿಂದ ಇಲ್ಲಿ ಉದಾಸೀನ ಮಾಡಬೇಡಿ.

ಎರಡನೆಯದು ಎಣಿಸುವ ಸಾಧನದ ಬಿಡುವಿನ ಕಾಲ. ಒಂದು ಅಯಾನು ಎಣಿಸಿದ ಮೇಲೆ ಸಾಧನ ಒಂದು ಕ್ಷಣ ಕುರುಡಾಗಿರುತ್ತದೆ. ಆ ಕ್ಷಣ 25 ನ್ಯಾನೋಸೆಕೆಂಡ್, ಸೆಕೆಂಡಿಗೆ ಒಂದು ಲಕ್ಷ ಅಯಾನು ಅಂದುಕೊಳ್ಳಿ. ಸಾವಿರಕ್ಕೆ 2.5ರಷ್ಟು ಎಣಿಕೆ ತಪ್ಪಿಹೋಗುತ್ತದೆ. ನಾವು ಹುಡುಕುತ್ತಿರುವ ಹೆಚ್ಚುವರಿಯೂ ಅಷ್ಟೇ! ಮೆಗ್ನೀಸಿಯಂ ಐಸೋಟೋಪ್‌ಗಳಲ್ಲಿ ಮೆಗ್ನೀಸಿಯಂ-24 ಎಲ್ಲಕ್ಕಿಂತ ಜಾಸ್ತಿ ಇರುವುದರಿಂದ ನಷ್ಟವೂ ಅದಕ್ಕೇ ಜಾಸ್ತಿ. ತಿದ್ದದೆ ಬಿಟ್ಟರೆ ಮೆಗ್ನೀಸಿಯಂ ಅನುಪಾತಗಳೆಲ್ಲ ಸುಳ್ಳಾಗಿ ಏರುತ್ತವೆ.

ಮೂರನೆಯದು ಸ್ಟ್ಯಾಂಡರ್ಡ್. ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಒಂದೇ ಸುಲಭಕ್ಕೆ ಅಯಾನು ಆಗುವುದಿಲ್ಲ. ಯಂತ್ರ ತೋರಿಸುವ ಅಲ್ಯೂಮಿನಿಯಂ / ಮೆಗ್ನೀಸಿಯಂ ಅನುಪಾತ ನಿಜವಾದದ್ದಲ್ಲ, ಅದನ್ನು ಸ್ಟ್ಯಾಂಡರ್ಡ್‌ನಿಂದ ತಿದ್ದಬೇಕು. ಆ ತಿದ್ದುವ ಸಂಖ್ಯೆ ಖನಿಜದಿಂದ ಖನಿಜಕ್ಕೆ ಬದಲಾಗುತ್ತದೆ. ಅನಾರ್ಥೈಟ್ ಅಳೆಯುವುದಾದರೆ ಅನಾರ್ಥೈಟ್ ಸ್ಟ್ಯಾಂಡರ್ಡ್, ಗಾಜಿಗೆ ಗಾಜು. ಈ ಸಂಖ್ಯೆಯಲ್ಲಿ ಶೇ. 5 ತಪ್ಪಿದರೆ ಇಳಿಜಾರೂ ಶೇ. 5 ತಪ್ಪುತ್ತದೆ, ಕಾಲ ಸುಮಾರು 50 ಸಾವಿರ ವರ್ಷ ಆಚೀಚೆ ಆಗುತ್ತದೆ. ಇದು ಎಷ್ಟು ಬಿಂದು ಅಳೆದರೂ ಹೋಗದ ದೋಷ. ಮ್ಯಾಂಗನೀಸ್-53ರಲ್ಲಿ ಇದೇ ಪಾಠ ಕಷ್ಟಪಟ್ಟು ಕಲಿಯಬೇಕಾಯಿತು. ಕಾರ್ಬೊನೇಟ್ ಹರಳುಗಳನ್ನು ಒಲಿವೀನ್ ಸ್ಟ್ಯಾಂಡರ್ಡ್ ಇಟ್ಟು ಅಳೆದ ಹಳೆಯ ವಯಸ್ಸುಗಳನ್ನು ಆಮೇಲೆ ತಿದ್ದಬೇಕಾಯಿತು.

ಕೆಲವು ಬಿಂದು ಅಳೆದು ಮತ್ತೆ ಸ್ಟ್ಯಾಂಡರ್ಡ್‌ಗೆ ಬನ್ನಿ. ದಿನದ ಶುರುವಿನಲ್ಲಿ ಒಮ್ಮೆ ಅಳೆದರೆ ಸಾಲದು. ಸ್ಟ್ಯಾಂಡರ್ಡ್‌ನಲ್ಲೇ ಸುಳ್ಳು ಹೆಚ್ಚುವರಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ. ಭೂಮಿಯ ಖನಿಜದಲ್ಲಿ ಹೆಚ್ಚುವರಿ ಸೊನ್ನೆ ಇರಲೇಬೇಕು.

ಹಂತ 6: ಹೆಚ್ಚುವರಿಯನ್ನು ಲೆಕ್ಕ ಹಾಕಿ

ಕ್ರಮ ಹೀಗಿರಲಿ: ಬಿಡುವಿನ ಕಾಲ ತಿದ್ದಿ, ಹಿನ್ನೆಲೆ ಎಣಿಕೆ ಕಳೆಯಿರಿ, ಯಂತ್ರದಿಂದ ಆದ ತೂಕದ ಪಕ್ಷಪಾತ ತಿದ್ದಿ, ಕೊನೆಗೆ ಕಲ್ಲಿನಲ್ಲೇ ಸಹಜವಾಗಿ ಆದದ್ದನ್ನು ತಿದ್ದಿ. ಕೊನೆಯ ಎರಡನ್ನು ಅದಲುಬದಲು ಮಾಡಬೇಡಿ, ಒಟ್ಟಿಗೆ ಕಲಸಿಯೂ ಬಿಡಬೇಡಿ.

ಕಲ್ಲು ಬಿಸಿಯಾಗಿ ಆವಿಯಾದಾಗ ಹಗುರ ಐಸೋಟೋಪ್ ಮೊದಲು ಹೋಗುತ್ತದೆ. ಆಗ ಮೆಗ್ನೀಸಿಯಂ-25, ಮೆಗ್ನೀಸಿಯಂ-26 ಎರಡೂ ಏರುತ್ತವೆ. ಮೆಗ್ನೀಸಿಯಂ-25 ಸಾವಿರಕ್ಕೆ 1 ಏರಿದರೆ ಮೆಗ್ನೀಸಿಯಂ-26 ಸುಮಾರು 1.95 ಏರುತ್ತದೆ. ಇದಕ್ಕೆ ಈಗ ಬಳಸುವ ಘಾತ 0.5128 (1 ÷ 0.5128 = 1.95). ನಿಮ್ಮ ಬಿಂದುವಿನಲ್ಲಿ ಮೆಗ್ನೀಸಿಯಂ-25 ಸಾವಿರಕ್ಕೆ 3, ಮೆಗ್ನೀಸಿಯಂ-26 ಸಾವಿರಕ್ಕೆ 7.4 ಏರಿದೆ ಅನ್ನಿ. 3ನ್ನು 1.95ರಿಂದ ಗುಣಿಸಿದರೆ 5.85. ಅಲ್ಯೂಮಿನಿಯಂ-26ರಿಂದ ಬಂದದ್ದು ಉಳಿದ 1.55 ಮಾತ್ರ. ಪೂರಾ 7.4 ಹಾಕಿದರೆ ಕಣ ತುಂಬಾ ಹಳೆಯದಾಗಿ ಕಾಣುತ್ತದೆ. ಏರಿಕೆ ದೊಡ್ಡದಿದ್ದರೆ ಈ ನೇರ ಗುಣಾಕಾರ ಸಾಲದು, ಘಾತದ ಸೂತ್ರವನ್ನೇ ಬಳಸಿ.

ಇನ್ನೊಂದು ತಪ್ಪು ಬಹಳ ಜನಕ್ಕೆ ಕಾಣಿಸುವುದೇ ಇಲ್ಲ. ಒಂದು ಬಿಂದುವಿನಲ್ಲಿ ಯಂತ್ರ ಹಲವು ಸುತ್ತು ಎಣಿಸುತ್ತದೆ. ಪ್ರತಿ ಸುತ್ತಿನ ಅನುಪಾತ ತೆಗೆದು ಅವುಗಳ ಸರಾಸರಿ ಮಾಡುವುದು ಅಭ್ಯಾಸ. ಎಣಿಕೆ ಕಡಿಮೆ ಇದ್ದಾಗ ಆ ಸರಾಸರಿ ನಿಜಕ್ಕಿಂತ ಮೇಲೆ ಹೋಗುತ್ತದೆ, ಛೇದ ಚಿಕ್ಕದಿದ್ದಷ್ಟೂ ಜಾಸ್ತಿ. ಅಂದರೆ ಇಲ್ಲದ ಇಳಿಜಾರು ಹುಟ್ಟುತ್ತದೆ. ಕ್ಷಯಿಸಿಹೋದ ಇನ್ನೊಂದು ಐಸೋಟೋಪ್ ಕಬ್ಬಿಣ-60ರ ಹಳೆಯ ಅಂಕಿಗಳು ಕೆಲವು ಇದೇ ಕಾರಣಕ್ಕೆ ಇಳಿದವು. ಪರಿಹಾರ ಸುಲಭ: ಎಲ್ಲ ಸುತ್ತಿನ ಎಣಿಕೆ ಮೊದಲು ಕೂಡಿಸಿ, ಆಮೇಲೆ ಒಂದೇ ಸಲ ಭಾಗಿಸಿ.

ಹಂತ 7: ಗೆರೆ ಎಳೆಯಿರಿ

ಎಕ್ಸೆಲ್‌ನ ಟ್ರೆಂಡ್‌ಲೈನ್ ಬೇಡವೇ ಬೇಡ. ಅದಕ್ಕೆ ಎಲ್ಲ ಬಿಂದುವೂ ಒಂದೇ. ನಿಮ್ಮ ಒಲಿವೀನ್ ಬಿಂದುವಿನ ದೋಷ ಚಿಕ್ಕದು, ಅನಾರ್ಥೈಟ್‌ನದು ದೊಡ್ಡದು. ಎರಡೂ ಅಕ್ಷದ ದೋಷ ಮತ್ತು ಅವುಗಳ ನಡುವಿನ ನಂಟನ್ನು ಲೆಕ್ಕಕ್ಕೆ ಹಿಡಿಯುವ ಯಾರ್ಕ್ ವಿಧಾನವನ್ನೇ ಬಳಸಿ.

ಗೆರೆಯ ಜತೆ ಎಂಎಸ್‌ಡಬ್ಲ್ಯೂಡಿ ಅನ್ನುವ ಅಂಕಿ ಬರುತ್ತದೆ. ಅದು 1ರ ಹತ್ತಿರ ಇದ್ದರೆ ಬಿಂದುಗಳ ಚದುರುವಿಕೆಗೆ ಅಳತೆಯ ದೋಷವೇ ಸಾಕಾಗುವ ಕಾರಣ. ಹತ್ತು ಬಿಂದುಗಳಿದ್ದರೆ 2ರ ತನಕ ಒಪ್ಪಬಹುದು. ಅದನ್ನು ಮೀರಿದರೆ ಗೆರೆಗೆ ಏನೋ ಆಗಿದೆ: ಬಿಸಿ, ದ್ರವ, ಎರಡು ಪೀಳಿಗೆಯ ಖನಿಜ, ಅಥವಾ ಅಳತೆಯ ದೋಷವನ್ನೇ ಕಡಿಮೆ ಅಂದಾಜು ಮಾಡಿರುವುದು. ಎಂಎಸ್‌ಡಬ್ಲ್ಯೂಡಿ 0.1ರಷ್ಟು ಕೆಳಗೆ ಬಂದರೂ ಖುಷಿಪಡಬೇಡಿ. ದೋಷವನ್ನು ಸುಮ್ನೆ ದೊಡ್ಡದು ಮಾಡಿಟ್ಟಿದ್ದೀರಿ ಅಂತ ಅರ್ಥ.

ಎಚ್ಚರಿಕೆಯ ಗುರುತು: ಒಲಿವೀನ್, ಪೈರಾಕ್ಸೀನ್ ಒಂದು ಗೆರೆಯ ಮೇಲೆ ಕೂತು, ಅನಾರ್ಥೈಟ್ ಬಿಂದುಗಳೆಲ್ಲ ಆ ಗೆರೆಯ ಕೆಳಗೆ ಬಿದ್ದಿದ್ದರೆ ಅನಾರ್ಥೈಟ್ ಆಮೇಲೆ ಬಿಸಿಯಾಗಿದೆ. ಎಲ್ಲವನ್ನೂ ಸೇರಿಸಿ ಒಂದು ಗೆರೆ ಎಳೆದರೆ ಎರಡು ಘಟನೆಗಳ ನಡುವಿನ ಯಾವುದೋ ಕಾಲ ಸಿಗುತ್ತದೆ. ಆ ಕಾಲದಲ್ಲಿ ಏನೂ ನಡೆದಿರುವುದಿಲ್ಲ.

ಹಂತ 8: ಇಳಿಜಾರಿನಿಂದ ಕಾಲಕ್ಕೆ

ಸೂತ್ರ: ಕಾಲ = (ಅರ್ಧಾಯು ÷ 0.693) × ಸ್ವಾಭಾವಿಕ ಲಾಗ್ (ಸಿಎಐ ಅನುಪಾತ ÷ ನಿಮ್ಮ ಅನುಪಾತ)

ನಮ್ಮ ಕಾಂಡ್ರೂಲ್‌ಗೆ 5.23 × 10⁻⁵ ಅನ್ನು 7.0 × 10⁻⁶ರಿಂದ ಭಾಗಿಸಿದರೆ 7.47. ಅದರ ಸ್ವಾಭಾವಿಕ ಲಾಗ್ 2.01. ಅರ್ಧಾಯು 7.17 ಲಕ್ಷವನ್ನು 0.693ರಿಂದ ಭಾಗಿಸಿದರೆ ಸುಮಾರು 10.34 ಲಕ್ಷ. ಗುಣಿಸಿದರೆ ಸುಮಾರು 20.8 ಲಕ್ಷ ವರ್ಷ. ಸೆಮರ್ಕೋನಾದಂಥ ಕಲ್ಲಿನ ಕಾಂಡ್ರೂಲ್‌ಗಳು ಹೆಚ್ಚಾಗಿ ಸಿಎಐ ನಂತರ 20 ಲಕ್ಷ ವರ್ಷದ ಸುತ್ತಮುತ್ತ ಬರುತ್ತವೆ, ಹಾಗಾಗಿ ಉತ್ತರ ದಾರಿಯಲ್ಲಿದೆ. ಕ್ಯಾಲ್ಕುಲೇಟರ್‌ನಲ್ಲಿ ಹತ್ತರ ಲಾಗ್ ಒತ್ತಿದರೆ 9 ಲಕ್ಷ ವರ್ಷ ಬರುತ್ತದೆ. ಇದು ನಂಬುವ ಹಾಗೇ ಕಾಣುವ ಉತ್ತರ, ಅದಕ್ಕೇ ಅಪಾಯ.

ದೋಷ ಎರಡೂ ಕಡೆ ಸಮ ಇರುವುದಿಲ್ಲ. ಇಳಿಜಾರಿನ ದೋಷ ಶೇ. 20 ಇದ್ದರೆ ಕಾಲ ಸುಮಾರು 2.3 ಲಕ್ಷ ವರ್ಷ ತಡವಾಗಿರಬಹುದು, ಅಥವಾ 1.9 ಲಕ್ಷ ವರ್ಷ ಮುಂಚೆ ಇರಬಹುದು. ಎರಡನ್ನೂ ಬೇರೆ ಬೇರೆ ಬರೆಯಿರಿ. ಇಳಿಜಾರು ಸೊನ್ನೆಯಿಂದ ಬೇರೆ ಅಂತ ಹೇಳಲಾಗದಿದ್ದರೆ ಕಾಲ ಕೊಡಬೇಡಿ, ಮಿತಿ ಕೊಡಿ. ಇಳಿಜಾರು 2 × 10⁻⁶ಕ್ಕಿಂತ ಕಡಿಮೆ ಅಂತ ಮಾತ್ರ ಗೊತ್ತಿದ್ದರೆ, ಕಣ ಗಟ್ಟಿಯಾದದ್ದು ಸಿಎಐ ಆಗಿ ಸುಮಾರು 34 ಲಕ್ಷ ವರ್ಷದ ಮೇಲೆ.

ಹಂತ 9: ಉತ್ತರವನ್ನು ಪರೀಕ್ಷೆಗೆ ಒಡ್ಡಿ

ಈ ಲೆಕ್ಕದ ಅಡಿಯಲ್ಲಿ ಒಂದು ನಂಬಿಕೆ ಇದೆ: ಸೌರಮಂಡಲದ ಎಲ್ಲ ಕಡೆ ಶುರುವಿನಲ್ಲಿ ಅಲ್ಯೂಮಿನಿಯಂ-26 ಒಂದೇ ಪ್ರಮಾಣದಲ್ಲಿ ಇತ್ತು ಅನ್ನುವುದು. ಎಲ್ಲ ಕಣಗಳೂ ಇದನ್ನು ಒಪ್ಪುವುದಿಲ್ಲ. ಅಲ್ಯೂಮಿನಿಯಂ ತುಂಬಿದ ಹಿಬೋನೈಟ್ ಖನಿಜದ ಕೆಲವು ಹರಳುಗಳು, ಕೆಲವು ವಿಚಿತ್ರ ಸಿಎಐಗಳು ಬಹಳ ಹಳೆಯವು ಅನ್ನುವುದಕ್ಕೆ ಬೇರೆ ಗುರುತುಗಳಿವೆ. ಆದರೂ ಅವುಗಳಲ್ಲಿ ಅಲ್ಯೂಮಿನಿಯಂ-26 ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚುವರಿ ಕಾಣಲಿಲ್ಲ ಅಂದ ಮಾತ್ರಕ್ಕೆ ತಡವಾಗಿ ಹುಟ್ಟಿತು ಅಂತ ಬರೆಯಬೇಡಿ.

ಸೀಸದ ಐಸೋಟೋಪ್‌ಗಳಿಂದ ಸಿಎಐ ವಯಸ್ಸು 456 ಕೋಟಿ 73 ಲಕ್ಷ ವರ್ಷ ಅಂತ ಸಿಕ್ಕಿದೆ. ಅದಕ್ಕೆ ನಮ್ಮ ಕಾಂಡ್ರೂಲ್ ಅನ್ನು ಕಟ್ಟಿದರೆ 456 ಕೋಟಿ 52 ಲಕ್ಷ ಬರುತ್ತದೆ. ಆದರೆ ಸೀಸದಿಂದಲೇ ಅಳೆದಾಗ ಕೆಲವು ಕಾಂಡ್ರೂಲ್‌ಗಳು ಸಿಎಐನಷ್ಟೇ ಹಳೆಯವಾಗಿ ಬಂದಿವೆ. ಈ ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಹೇಳುವುದಾದರೆ, "ಸಿಎಐ ನಂತರ 20.8 ಲಕ್ಷ ವರ್ಷ" ಅನ್ನುವುದನ್ನೇ ಮುಖ್ಯ ಉತ್ತರವಾಗಿ ಕೊಡಿ. ಕೋಟಿಗಳ ವಯಸ್ಸನ್ನು ಅದರ ಕೆಳಗೆ, ಯಾವುದಕ್ಕೆ ಕಟ್ಟಿದ್ದೀರಿ ಅನ್ನುವುದರ ಜತೆ ಬರೆಯಿರಿ.

ಬೇರೆಯವರ ಅಂಕಿಯ ಜತೆ ಹೋಲಿಸುವಾಗ ಅವರು ಬಳಸಿದ ಅರ್ಧಾಯು ಮತ್ತು ಸಿಎಐ ಅನುಪಾತ ನೋಡಿ. ಸಿಎಐ ಅನುಪಾತ 5.0 × 10⁻⁵ ಅಂತ ಹಿಡಿದರೆ ನಮ್ಮದೇ ಕಾಂಡ್ರೂಲ್ 20.3 ಲಕ್ಷ ವರ್ಷಕ್ಕೆ ಬರುತ್ತದೆ. ಕಲ್ಲು ಅದೇ, ಅಳತೆಯೂ ಅದೇ, ಆದರೂ 50 ಸಾವಿರ ವರ್ಷದ ವ್ಯತ್ಯಾಸ. ಅರ್ಧಾಯು 7.05 ಲಕ್ಷ ಅಂತ ಹಿಡಿದವರೂ ಇದ್ದಾರೆ, ಅದರಿಂದ ಸುಮಾರು 35 ಸಾವಿರ ವರ್ಷ ಜರುಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಇಳಿಜಾರುಗಳನ್ನು, ವರ್ಷಗಳನ್ನಲ್ಲ. ಹಳೆಯ ಅಂಕಿ ಸಿಕ್ಕರೆ ಅದರ ಇಳಿಜಾರು ಹುಡುಕಿ, ನಿಮ್ಮ ಅರ್ಧಾಯು ಮತ್ತು ನಿಮ್ಮ ಸಿಎಐ ಅನುಪಾತ ಹಾಕಿ ಮತ್ತೆ ಲೆಕ್ಕ ಮಾಡಿ. ನಿಮ್ಮ ಪಟ್ಟಿಯಲ್ಲೂ ಇಳಿಜಾರು, ಅದರ ದೋಷ, ಎಂಎಸ್‌ಡಬ್ಲ್ಯೂಡಿ, ಬಿಂದುಗಳ ಸಂಖ್ಯೆ, ತೆಗೆದುಹಾಕಿದ ಬಿಂದುಗಳು ಮತ್ತು ಅದರ ಕಾರಣ, ಬಳಸಿದ ಸ್ಟ್ಯಾಂಡರ್ಡ್ ಎಲ್ಲವೂ ಇರಲಿ. ಮುಂದೆ ಅರ್ಧಾಯುವಿನ ಬೆಲೆ ಬದಲಾದರೂ ನಿಮ್ಮ ಅಳತೆಯನ್ನು ಬೇರೆಯವರು ಮತ್ತೆ ಬಳಸಿಕೊಳ್ಳಬಹುದು.